ವೃದ್ಧರ ಚಿಕಿತ್ಸೆಯೂ ತ್ಯಾಗದ ಮಾತೂ

“ನನಗಿನ್ನು ಎಷ್ಟು ದಿನ? ಆ ದುಡ್ಡು ಮಗುವಿನ ಓದಿಗೆ ಇರಲಿ.” ಮಲೆನಾಡಿನ ಮನೆಗಳಲ್ಲಿ ಹಿರಿಯರ ಬಾಯಿಂದ ಈ ಮಾತನ್ನು ಕೇಳದವರು ವಿರಳ. ಹೇಳುವವರು ದನಿಯೇರಿಸುವುದಿಲ್ಲ, ಕೇಳುವವರು ಉತ್ತರಿಸುವುದಿಲ್ಲ. ಮಾತು ಅಲ್ಲಿಗೆ ನಿಲ್ಲುತ್ತದೆ, ಅದರೊಡನೆ ಚಿಕಿತ್ಸೆಯೂ ನಿಲ್ಲುತ್ತದೆ. ಕೆಲವು ತಿಂಗಳ ತರುವಾಯ ಆ ಹಿರಿಯರ ಔದಾರ್ಯವನ್ನೂ ನಿರ್ಮೋಹವನ್ನೂ ಕೊಂಡಾಡುವ ಮಾತುಗಳು ಊರಿನಲ್ಲಿ ಕೇಳಿಬರುತ್ತವೆ. ಈ ಕೊಂಡಾಟ ಎಷ್ಟರ ಮಟ್ಟಿಗೆ ನ್ಯಾಯವಾದುದು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಸೊರಬ–ಶಿಕಾರಿಪುರ ಸೀಮೆಯ ಹೊಸಬಾಳೆಯಲ್ಲಿ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಒಂದೂವರೆ ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಸಹಕಾರ ಸಂಘದಲ್ಲಿ ಬೆಳೆ ಸಾಲ. ಮನೆಯ ಹಿರಿಯರಾದ ಎಪ್ಪತ್ತೆಂಟು ವರ್ಷದ ಅಜ್ಜಿ ಮಳೆಗಾಲದ ಒಂದು ಬೆಳಗ್ಗೆ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ತೊಡೆಮೂಳೆಯ ಮೇಲ್ತುದಿಯನ್ನು ಮುರಿದುಕೊಂಡಿದ್ದಾರೆ. ಸೊರಬದ ಆಸ್ಪತ್ರೆಯಲ್ಲಿ ನೋಡಿದವರು, ಶಸ್ತ್ರಚಿಕಿತ್ಸೆ ಆಗಲೇಬೇಕು, ಶಿವಮೊಗ್ಗಕ್ಕೆ ಕರೆದೊಯ್ಯಿರಿ ಎಂದಿದ್ದಾರೆ. ಕೆಲವೇ ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಇಂಥ ರೋಗಿಗಳಲ್ಲಿ ಬಹುಮಂದಿ ಮತ್ತೆ ಎದ್ದು ಓಡಾಡುತ್ತಾರೆ. ಆಗದಿದ್ದರೆ ಹಾಸಿಗೆ ಹಿಡಿಯುವುದು, ಬೆನ್ನಿನಲ್ಲಿ ಹುಣ್ಣಾಗುವುದು, ಶ್ವಾಸಕೋಶಕ್ಕೆ ಸೋಂಕು ತಗಲುವುದು ಎಂಬ ಕ್ರಮ ವೈದ್ಯರಿಗೆಲ್ಲ ಗೊತ್ತಿರುವುದೇ. ಮಗ ಲೆಕ್ಕ ಹಾಕುತ್ತಾನೆ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಿದ ಕೂಲಿ ಇನ್ನೂ ಬಾಕಿಯಿದೆ. ಮಗಳ ಇಂಜಿನಿಯರಿಂಗ್ ಕಾಲೇಜಿನ ಶುಲ್ಕ ಆ ತಿಂಗಳೇ ತುಂಬಬೇಕು. ಮನೆಯದು ಎ.ಪಿ.ಎಲ್. ಕಾರ್ಡು. ಮಗ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಅಜ್ಜಿಯೇ ಹೇಳಿಬಿಡುತ್ತಾರೆ: “ಸುಮ್ಮನಿರೋ ಮಾರಾಯ, ಮೂಳೆ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ.”

ಆ ತಾಯಿಗೆ ಮೂಳೆ ತನ್ನಷ್ಟಕ್ಕೆ ಕೂಡಿಕೊಳ್ಳುವುದಿಲ್ಲವೆಂದು ತಿಳಿಯದೆ? ತಿಳಿದಿದೆ. ಮಗನಿಗೂ ತಿಳಿದಿದೆ. ಇಬ್ಬರ ನಡುವೆ ಪ್ರೀತಿಗೆ ಕೊರತೆಯಿಲ್ಲ. ಕ್ರೂರನಾದ ಮಗನ ಕಥೆಯಾಗಿದ್ದರೆ ವಿಚಾರ ಸುಲಭವಾಗಿತ್ತು. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಸಂಸತ್ತು ಮಾಡಿದ ಕಾಯ್ದೆಯು ಅನ್ನ, ಬಟ್ಟೆ, ವಸತಿಗಳೊಡನೆ ವೈದ್ಯೋಪಚಾರವನ್ನೂ ಪೋಷಣೆಯ ಅರ್ಥದಲ್ಲಿ ಸೇರಿಸಿದೆ. ಅಂಥ ಮಗನನ್ನು ಸಾಗರದ ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಿಸಬಹುದು. ಆದರೆ ಇಲ್ಲಿ ದೂರು ಕೊಡುವವರು ಯಾರು? ದೂರೇ ಇಲ್ಲವಲ್ಲ. ಒಂದು ಲೆಕ್ಕ ಇದೆ, ಆ ಲೆಕ್ಕವನ್ನು ಮನೆಯವರೆಲ್ಲ ಸೇರಿ ಮಾತಿಲ್ಲದೆ ಅಜ್ಜಿಯ ಕೈಗೆ ಕೊಟ್ಟಿದ್ದಾರೆ. ಅವರು ಅದನ್ನು ತಮ್ಮ ಮೇಲೆಯೇ ಕಳೆದು ಮುಗಿಸಿದ್ದಾರೆ.

ಇಂಥ ನಿರಾಕರಣೆಯನ್ನು ಧರ್ಮದ ಮಾತಿನಿಂದ ಹೊದಿಸುವ ಅಭ್ಯಾಸ ಶ್ರಾವಕರ ಮನೆಗಳಲ್ಲಿ ಸ್ವಲ್ಪ ಹೆಚ್ಚೇ ಎನ್ನಬೇಕು. “ಅವರು ದೇಹದ ಮೋಹ ಬಿಟ್ಟಿದ್ದರು” ಎಂಬ ಮಾತಿಗೆ ಒಂದು ಗಂಭೀರವಾದ ಪರಂಪರೆಯೇ ಬೆನ್ನಿಗಿದೆ. ಹೊಸಬಾಳೆಯ ಸುತ್ತಿನ ನೆಲದಲ್ಲಂತೂ ಆ ಪರಂಪರೆ ಕಲ್ಲಿನಲ್ಲಿ ನಿಂತಿದೆ. ಅದೇ ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ, ಸಮಾಧಿಮರಣ ಹೊಂದಿದ ಶ್ರಾವಕ ಶ್ರಾವಿಕೆಯರ ನಿಸಿಧಿಗಲ್ಲುಗಳು ಹಲವು ದೊರೆತಿವೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆಯನ್ನು ನೆನೆಯುತ್ತದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡನ ಮರಣಾನಂತರ ನಾಗರಖಂಡದ ಆಡಳಿತವನ್ನು ವಹಿಸಿಕೊಂಡು ಸಮರ್ಥವಾಗಿ ನಡೆಸಿದ ಹೆಂಗಸು ಆಕೆ. ವ್ಯಾಧಿ ದೇಹವನ್ನು ಆವರಿಸಿದಾಗ ತನ್ನ ಹೊಣೆಯನ್ನು ಮಗಳನ್ನು ಕರೆಸಿ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ವ್ರತ ಕೈಗೊಂಡು ದೇಹ ಬಿಟ್ಟಳು.

ಜಕ್ಕಿಯಬ್ಬೆಗೂ ಹೊಸಬಾಳೆಯ ಅಜ್ಜಿಗೂ ಹೊರನೋಟಕ್ಕೆ ಸಾಮ್ಯವಿದೆ. ಇಬ್ಬರೂ ರೋಗಪೀಡಿತರು, ಇಬ್ಬರೂ ಮುಂದಿನ ತಲೆಮಾರಿನ ಹೆಣ್ಣುಮಗುವಿಗೆ ಏನನ್ನೋ ದಾಟಿಸಿದವರು. ಆದರೆ ಜಕ್ಕಿಯಬ್ಬೆಯ ಕೈಯಲ್ಲಿ ಒಂದು ನಾಡಿನ ಅಧಿಕಾರವಿತ್ತು. ಆ ಕಾಲದ ವೈದ್ಯ ಏನು ಕೊಡಬಹುದಾಗಿತ್ತೋ ಅದೆಲ್ಲ ಅವಳಿಗೆ ಎಟಕುತ್ತಿತ್ತು. ಅವಳು ಬಿಟ್ಟದ್ದು ಕೈಯಲ್ಲಿದ್ದುದನ್ನು. ಅಜ್ಜಿಯ ಕೈಗೆ ಚಿಕಿತ್ಸೆ ಬರಲೇ ಇಲ್ಲ. ಬಾರದುದನ್ನು ಬಿಟ್ಟರೆಂದು ಹೇಳಿದರೆ ಅದು ಅವರ ಗೌರವಕ್ಕೆ ಹೇಳಿದ ಮಾತಾಗುವುದಕ್ಕಿಂತ ಹೆಚ್ಚಾಗಿ ಉಳಿದವರ ಸಮಾಧಾನಕ್ಕೆ ಹೇಳಿದ ಮಾತಾಗುತ್ತದೆ.

ಶಾಸ್ತ್ರವೂ ಈ ಭೇದವನ್ನು ಕಂಡಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ಅವಕಾಶವುಳ್ಳ ಸಂದರ್ಭಗಳನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂದು ಸುಮ್ಮನೆ ಎಣಿಸಿ ಬಿಡುವುದಿಲ್ಲ. ಅವು ನಿಷ್ಪ್ರತೀಕಾರವಾಗಿರಬೇಕು, ಅರ್ಥಾತ್ ಪರಿಹಾರೋಪಾಯವಿಲ್ಲದವಾಗಿರಬೇಕು ಎಂಬ ನಿಬಂಧನೆಯನ್ನು ಇಡುತ್ತದೆ. ಬಿಡುವ ಉದ್ದೇಶವೂ ಧರ್ಮವಾಗಿರಬೇಕು. ಇನ್ನು ಸಲ್ಲೇಖನದ ಐದು ಅತಿಚಾರಗಳಲ್ಲಿ ಬದುಕಬೇಕೆಂಬ ಆಸೆ ಹೇಗೆ ಒಂದು ದೋಷವೋ, ಬೇಗ ಸಾಯಬೇಕೆಂಬ ಆಸೆಯೂ ಹಾಗೆಯೇ ದೋಷ. ಅದಕ್ಕೆ ಮರಣಾಶಂಸೆ ಎಂದು ಹೆಸರು. ತಾನು ಮನೆಗೆ ಹೊರೆಯಾದೆನೆಂಬ ಸಂಕಟದಿಂದ ಸಾವನ್ನು ಬಯಸುವ ಮುದುಕಿಯ ಮನಸ್ಸು ಮರುಕಕ್ಕೆ ಪಾತ್ರ. ಅದನ್ನು ವ್ರತವೆಂದು ಕರೆಯಲು ಆಚಾರ್ಯರು ಒಪ್ಪುತ್ತಿರಲಿಲ್ಲ. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ ಸಮಾಜವೆಲ್ಲ ಬೀದಿಗಿಳಿದು ಪ್ರತಿಭಟಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವ್ರತಕ್ಕೂ ಹತಾಶೆಗೂ ಇರುವ ಅಂತರವನ್ನು ನ್ಯಾಯಾಲಯಕ್ಕೆ ವಿವರಿಸಬಲ್ಲ ಸಮಾಜ ಆ ಅಂತರವನ್ನು ತನ್ನ ಮನೆಯ ನಡುಕೋಣೆಯಲ್ಲಿಯೂ ಕಾಣಬೇಡವೆ?

ಈಗ ನಿಷ್ಪ್ರತೀಕಾರ ಎಂಬ ಶಬ್ದವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಅಜ್ಜಿಯ ಮುರಿದ ಮೂಳೆಗೆ ಪ್ರತೀಕಾರ ಉಂಟೆ, ಇಲ್ಲವೆ? ವೈದ್ಯಶಾಸ್ತ್ರದಲ್ಲಿ ಉಂಟು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಎರಡು ಮೂರು ಗಂಟೆಯ ದಾರಿ. ಮಗನ ಜೇಬಿನಲ್ಲಿ ಇಲ್ಲ. ಊರಿನ ಎಲ್ಲ ಮನೆಗಳ ಜೇಬುಗಳನ್ನು ಕೂಡಿಸಿದರೆ ಉಂಟು. ಹೀಗೆ ಒಂದು ರೋಗಕ್ಕೆ ಉಪಾಯವಿದೆಯೋ ಇಲ್ಲವೋ ಎಂಬುದು ರೋಗದ ಗುಣವನ್ನು ಮಾತ್ರ ಅವಲಂಬಿಸಿಲ್ಲ. ಹೊಣೆಯ ಗೆರೆಯನ್ನು ಎಲ್ಲಿ ಎಳೆಯಲಾಗಿದೆ ಎಂಬುದನ್ನೂ ಅವಲಂಬಿಸಿದೆ. ಗೆರೆ ಒಂದು ಮನೆಯ ಸುತ್ತ ಇದ್ದರೆ ಬಹಳ ರೋಗಗಳು ನಿಷ್ಪ್ರತೀಕಾರ. ಗೆರೆ ಹಿಗ್ಗಿದಂತೆಲ್ಲ ಅವುಗಳ ಸಂಖ್ಯೆ ಕುಗ್ಗುತ್ತದೆ. ವಿಮೆ ಎಂಬ ಒಣ ಶಬ್ದದ ಹಿಂದಿರುವ ಸಂಗತಿ ಇಷ್ಟೇ: ಅದು ಗೆರೆಯನ್ನು ಹಿಗ್ಗಿಸುವ ಒಂದು ಉಪಾಯ.

ಈ ಸೀಮೆಗೆ ಗೆರೆ ಹಿಗ್ಗಿದ ಅನುಭವ ಇಲ್ಲದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಹೊಸ ಜ್ವರ ಅಂಟಿದಾಗ ಆ ಕಾಡಿನ ಹೆಸರೇ ರೋಗಕ್ಕೆ ಜಗತ್ತಿನಾದ್ಯಂತ ನಿಂತಿತು. ಮಂಗನ ಕಾಯಿಲೆಗೆ ಸಂಶೋಧನೆ ನಡೆಯಿತು; ಲಸಿಕೆ, ಉಣ್ಣೆ ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಇವುಗಳನ್ನು ಸರಕಾರವೇ ಹಳ್ಳಿಗಳಲ್ಲಿ ಹಂಚಿತು. ಅದು ಸಾಕಷ್ಟಾಯಿತೆ ಎಂಬುದು ಬೇರೆ ಮಾತು. ಆದರೆ ಅದನ್ನು ರೋಗಿಯ ಮನೆಯವರೇ ನೋಡಿಕೊಳ್ಳಲಿ ಎಂದು ಯಾರೂ ಹೇಳಲಿಲ್ಲ. ಮುಪ್ಪಿನ ರೋಗಗಳು ಉಣ್ಣೆಯಿಂದ ಹರಡುವುದಿಲ್ಲ, ಪಕ್ಕದ ಮನೆಗೆ ಅಂಟುವುದಿಲ್ಲ. ಬಹುಶಃ ಅದಕ್ಕಾಗಿಯೇ ಅವು ಮನೆಯ ಸ್ವಂತ ವಿಷಯವಾಗಿ ಉಳಿದವು. ಭಯವಿದ್ದಲ್ಲಿ ಹೊಣೆ ಬೇಗ ಹಂಚಿಕೆಯಾಗುತ್ತದೆ, ಮರುಕ ಮಾತ್ರ ಇದ್ದಲ್ಲಿ ತಡವಾಗುತ್ತದೆ.

ಕರ್ಮಸಿದ್ಧಾಂತವನ್ನು ಮುಂದಿಟ್ಟು ಇಲ್ಲಿ ಆಕ್ಷೇಪಣೆ ಮಾಡುವವರುಂಟು. ರೋಗ ಅಸಾತಾ ವೇದನೀಯ ಕರ್ಮದ ಉದಯ, ಅನುಭವಿಸಿಯೇ ತೀರಬೇಕು, ವಿಮೆ, ಯೋಜನೆಗಳಿಂದ ಆಗುವುದೇನು ಎಂಬುದು ಅವರ ವಾದ. ನೋವು ಆ ಜೀವದ ಕರ್ಮಫಲವೆಂದೇ ಇಟ್ಟುಕೊಂಡರೂ, ನೋಡುತ್ತ ನಿಂತವನ ಉದಾಸೀನತೆ ನಿಂತವನ ಕರ್ಮವೇ ಅಲ್ಲವೆ? ರೋಗ ಕರ್ಮಫಲವೆಂದು ತಿಳಿದಿದ್ದ ಆಚಾರ್ಯರೇ ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ದಾನವೆಂದು ಎಣಿಸಿದರು. ಅವರೇ ವೈಯಾವೃತ್ಯವನ್ನು ಅಂತರಂಗ ತಪಸ್ಸಿನಲ್ಲಿ ಸೇರಿಸಿದರು. ಆ ಸೇವೆಗೆ ಪಾತ್ರರಾದ ಹತ್ತು ವರ್ಗಗಳಲ್ಲಿ ಗ್ಲಾನನಿಗೆ, ಅಂದರೆ ರೋಗದಿಂದ ಬಳಲಿದ ಮುನಿಗೆ, ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ದೇಹಮಮತೆಯನ್ನು ತೊರೆದ ಮುನಿಗೂ ಆರೈಕೆ ಸಲ್ಲಬೇಕಾದರೆ ಸಂಸಾರದಲ್ಲಿರುವ ಅಜ್ಜಿಗೆ ಸಲ್ಲದೆ?

ಇನ್ನು ಲೌಕಿಕದ ಲೆಕ್ಕಕ್ಕೆ ಬರಬೇಕು. ಯಾರೂ ಒಂಟಿಯಾಗಿ ಹೊರಲಾರದ ಖರ್ಚನ್ನು ಎಲ್ಲರೂ ಸ್ವಲ್ಪ ಸ್ವಲ್ಪ ಹೊರುವುದು ಈ ಭಾಗದ ರೈತರಿಗೆ ಪರಿಚಿತವಾದದ್ದು ಯಶಸ್ವಿನಿಯಿಂದ. 2003ರ ಜೂನ್‌ನಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯ ಮೊದಲಿಗೆ ಕೊಡುತ್ತಿದ್ದುದು ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ ಐದು ರೂಪಾಯಿ. ಗೊಬ್ಬರ, ಬೆಳೆ ಸಾಲಗಳಿಗಾಗಿ ಹೇಗೂ ಸೊಸೈಟಿಗೆ ಹೋಗುವ ರೈತ ಅಲ್ಲಿಯೇ ಹೃದಯದ ಶಸ್ತ್ರಚಿಕಿತ್ಸೆಗೂ ಹಕ್ಕುದಾರನಾದ. ದಾನ ಪಡೆದವನ ಸಂಕೋಚ ಅದರಲ್ಲಿರಲಿಲ್ಲ, ಏಕೆಂದರೆ ಅವನೂ ಕೊಟ್ಟಿದ್ದ. ಆದರೆ ಆ ಯೋಜನೆಯ ಆರಂಭದ ನಿಯಮದಲ್ಲಿ ಎಪ್ಪತ್ತೈದು ದಾಟಿದವರಿಗೆ ಸ್ಥಳವಿರಲಿಲ್ಲ. ಎಪ್ಪತ್ತೆಂಟರ ಅಜ್ಜಿ ಅಂದೂ ಗೆರೆಯ ಹೊರಗೇ ಇರುತ್ತಿದ್ದರು. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತು. ರೈತರ ಒತ್ತಾಯದ ಮೇಲೆ 2022–23ರಲ್ಲಿ ಮತ್ತೆ ಆರಂಭಿಸಿ, ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ಗೊತ್ತುಮಾಡಲಾಯಿತು.

ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಎಂದು 2018ರ ಅಕ್ಟೋಬರ್‌ನಲ್ಲಿ ಒಂದಾದ ಯೋಜನೆಯ ಗೆರೆ ಬೇರೆ ಬಗೆಯದು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ನೂರಕ್ಕೆ 30 ಭಾಗ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಒಂದೂವರೆ ಎಕರೆ ಅಡಿಕೆಯವನು ಅಡಿಕೆಗೆ ಬೆಲೆ ಬಂದ ವರ್ಷ ಸ್ಥಿತಿವಂತನಂತೆ ಕಾಣುತ್ತಾನೆ, ಕೊಳೆ ಬಂದ ವರ್ಷ ಬಡವ. ಕಾರ್ಡು ಮಾತ್ರ ಎರಡೂ ವರ್ಷ ಒಂದೇ. ತುರ್ತು ಚಿಕಿತ್ಸೆಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದೂ ಗೊತ್ತಿಲ್ಲದೆ ನೇರವಾಗಿ ಹೋಗಿ ಪೂರ್ತಿ ಹಣ ತೆತ್ತವರುಂಟು. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯವನ್ನು ನೋಡದೆ, 5 ಲಕ್ಷದವರೆಗಿನ ಚಿಕಿತ್ಸೆಯ ವಿಸ್ತರಣೆಯನ್ನು ಉದ್ಘಾಟಿಸಿತು. ಖರ್ಚನ್ನು ಕೇಂದ್ರವೂ ರಾಜ್ಯಗಳೂ ಹಂಚಿಕೊಳ್ಳಬೇಕಾದುದರಿಂದ, ಘೋಷಣೆಯಾದೊಡನೆ ಹಳ್ಳಿ ಹಳ್ಳಿಯ ವೃದ್ಧರ ಕೈಗೆ ಕಾರ್ಡು ಬಂದುಬಿಡುವುದಿಲ್ಲ. ಆದರೂ ಬಡತನದ ಪ್ರಮಾಣಪತ್ರವಿಲ್ಲದೆ ವಯಸ್ಸನ್ನೇ ಅರ್ಹತೆಯಾಗಿ ಎಣಿಸಿದ್ದು ತತ್ತ್ವದಲ್ಲಿ ದೊಡ್ಡ ಮಾತು.

ಖಾಸಗಿ ವಿಮೆಯ ಕಥೆ ಇದರ ತಿರುಗುಮುರುಗು. ಅಲ್ಲಿ ವಯಸ್ಸು ಅರ್ಹತೆಯಲ್ಲ, ಅಪರಾಧ. ವಯಸ್ಸು ಏರಿದಂತೆ ಕಂತು ಏರುತ್ತದೆ. ಮೊದಲೇ ಇದ್ದ ರೋಗಕ್ಕೆ ವರ್ಷಗಟ್ಟಲೆ ಕಾಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಆ ಕಾಯುವ ಅವಧಿಯ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಕಂತನ್ನು ತನ್ನನ್ನು ಕೇಳದೆ ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚು ಏರಿಸಬಾರದೆಂದು ಕಂಪನಿಗಳಿಗೆ ಆಜ್ಞೆ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ನೂರಕ್ಕೆ 18ರ ಜಿ.ಎಸ್.ಟಿ. ರದ್ದಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಿದ್ದನ್ನೇ ದೊಡ್ಡದೆಂದು ಎಣಿಸಿದ ವೃದ್ಧರಿಗೆ ಈ ಕಂತುಗಳ ಲೋಕ ಬೇರೆಯೇ ಲೋಕ.

ಬಡ ದೇಶದ ಕಷ್ಟ ಇದು, ಸಿರಿವಂತ ದೇಶಕ್ಕೆ ಮಗನನ್ನು ಕಳಿಸಿದರೆ ತೀರಿತು ಎಂದುಕೊಳ್ಳುವವರೂ ಮಲೆನಾಡಿನಲ್ಲಿ ಇದ್ದಾರೆ. ಅಮೆರಿಕದಲ್ಲಿ 1965ರವರೆಗೆ ವೃದ್ಧರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಆಸ್ಪತ್ರೆಯ ವಿಮೆ ಇರಲಿಲ್ಲ. ಕಂಪನಿಗಳಿಗೆ ಅವರು ಲಾಭವಿಲ್ಲದ ಗಿರಾಕಿಗಳು. ಆ ವರ್ಷದ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಮೆಡಿಕೇರ್ ಶಾಸನವು, ದುಡಿಯುವಾಗ ಎಲ್ಲರೂ ಸಂಬಳದಿಂದ ತೆರಿಗೆ ಕೊಟ್ಟು ಅರವತ್ತೈದರ ನಂತರ ಎಲ್ಲರೂ ಪಡೆಯುವ ಕ್ರಮವನ್ನು ತಂದಿತು. ಅದರ ಔಷಧ ವಿಮೆಯಲ್ಲಿ ರೋಗಿ ತನ್ನ ಕೈಯಿಂದ ಕೊಡಬೇಕಾದ ಮೊತ್ತಕ್ಕೆ ವರ್ಷಕ್ಕೆ 2,000 ಡಾಲರ್ ಮಿತಿ ಬಂದದ್ದು 2025ರಲ್ಲಿ, ಅಂದರೆ ಅರವತ್ತು ವರ್ಷಗಳ ನಂತರ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಶುಶ್ರೂಷೆಯನ್ನು ಅದು ಇಂದಿಗೂ ಹೊರುವುದಿಲ್ಲ. ಆರೈಕೆಗೃಹದ ಖರ್ಚಿಗೆ ಮೆಡಿಕೇಡ್ ಎಂಬ ಬಡವರ ಯೋಜನೆ ನೆರವಾಗಬೇಕಾದರೆ ವೃದ್ಧನು ತನ್ನ ಉಳಿತಾಯವನ್ನು ಬಹುಮಟ್ಟಿಗೆ ಕರಗಿಸಿ ಬಡವನಾಗಬೇಕು. ಹೀಗೆ ಬರಿಗೈಯಾದವನನ್ನು ಅಪರಿಗ್ರಹಿ ಎಂದು ಯಾರಾದರೂ ಕರೆದಾರೆಯೆ? ಅಲ್ಲಿಗೆ ಮಗನ ಮನೆಗೆಂದು ಹೋದ ತಂದೆತಾಯಿಗಳ ಪಾಡು ಇನ್ನೂ ಸೂಕ್ಷ್ಮ. ಕಾಯಂ ವಾಸದ ಪರವಾನಗಿ ಸಿಕ್ಕರೂ ಐದು ವರ್ಷ ಸತತ ವಾಸವಿಲ್ಲದೆ ಮೆಡಿಕೇರ್‌ಗೆ ಹಣ ಕೊಟ್ಟು ಸೇರುವ ಹಕ್ಕೂ ಇಲ್ಲ. ಪ್ರವಾಸಿಗಳ ವಿಮೆ ಹಳೆಯ ರೋಗಗಳನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. “ಎದೆನೋವು ಏನಿಲ್ಲ, ಊರಿಗೆ ಹೋದ ಮೇಲೆ ತೋರಿಸೋಣ” ಎಂಬ ಮಾತು ಹುಟ್ಟುವುದು ಅಲ್ಲಿ. ಹೊಸಬಾಳೆಯ ಅಂಗಳದ ಮಾತಿಗೂ ಇದಕ್ಕೂ ದೂರವೇನಿಲ್ಲ.

ಹಾಗಾದರೆ ಹಿರಿಯರು ಬೇಡವೆಂದಾಗ ಅದನ್ನು ಎಂದೂ ಒಪ್ಪಬಾರದೆ? ಒಪ್ಪಬೇಕಾದ ಸಂದರ್ಭಗಳು ಖಂಡಿತ ಇವೆ. ಎಂಬತ್ತೈದರ ವೃದ್ಧರೊಬ್ಬರ ಅಂಗಾಂಗಗಳು ಒಂದೊಂದಾಗಿ ಸೋಲುತ್ತಿರುವಾಗ, ತೀವ್ರನಿಗಾ ಘಟಕದ ಯಂತ್ರಗಳ ನಡುವೆ ಅವರನ್ನು ವಾರಗಟ್ಟಲೆ ಇಡುವುದು, ಅದಕ್ಕಾಗಿ ತೋಟ ಮಾರುವುದು, ಅನೇಕ ವೇಳೆ ರೋಗಿಯ ಸಲುವಾಗಿ ಆಗಿರದೆ ನಾಲ್ಕು ಜನರ ಮಾತಿನ ಸಲುವಾಗಿ ಆಗಿರುತ್ತದೆ. ಅಲ್ಲಿ ಪ್ರತೀಕಾರವಿಲ್ಲ, ಇರುವುದು ವಿಳಂಬ. ಗುಣವಾಗುವ ಆಸೆಯಿಲ್ಲದ ರೋಗಿಯ ಚಿಕಿತ್ಸೆಯನ್ನು ಹಿಂತೆಗೆಯಲು, ಮುಂಚಿತವಾಗಿಯೇ ತನ್ನ ಇಚ್ಛೆಯನ್ನು ಬರೆದಿಡಲು 2018ರ ಮಾರ್ಚ್ 9ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವಕಾಶ ಕೊಟ್ಟಿತು. ಅಂಥ ಹಿರಿಯರು ಸಾಕೆಂದರೆ ಆ ಮಾತಿಗೆ ತಲೆಬಾಗುವುದೇ ವಿನಯ.

ಎರಡೂ ಸಂದರ್ಭಗಳಲ್ಲಿ ಹಿರಿಯರ ಬಾಯಿಂದ ಬರುವ ಶಬ್ದ ಒಂದೇ, ಬೇಡ ಎಂಬುದು. ಗುರುತಿಸುವುದು ಹೇಗೆ? ಹಣದ ಮಾತನ್ನು ತೆಗೆದಿಟ್ಟು ಕೇಳಿ ನೋಡುವುದೊಂದೇ ದಾರಿ. ಖರ್ಚೇ ಇಲ್ಲವೆಂದಾಗಲೂ ಬೇಡವೆನ್ನುವವರ ಬೇಡ ಅವರದು. ಖರ್ಚಿಲ್ಲವೆಂದು ಕೇಳಿ ಕಣ್ಣರಳಿಸುವವರ ಬೇಡ ಅವರದಾಗಿರಲಿಲ್ಲ, ಮನೆಯದಾಗಿತ್ತು. ಆದುದರಿಂದ ಕೇಳುವ ಕ್ರಮವೇ ಮುಖ್ಯ. ಮೊದಲು ಮಗ ಸೊಸೈಟಿಗೆ ಹೋಗಿ ಯಶಸ್ವಿನಿಯಲ್ಲಿ ಹೆಸರಿದೆಯೇ ನೋಡಬೇಕು. ಕಾರ್ಡಿನಲ್ಲಿ ಎಷ್ಟು ಭಾಗ ಸಿಗುತ್ತದೆಂದು ವಿಚಾರಿಸಬೇಕು. ಉಳಿದುದಕ್ಕೆ ಬಂಧುಗಳನ್ನು, ಬಸದಿಯ ಸಮಿತಿಯನ್ನು ಕೇಳಬೇಕು. ಆಮೇಲೆ ಅಜ್ಜಿಯ ಮಗ್ಗುಲಲ್ಲಿ ಕೂತು ಕೇಳಬೇಕು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ: ಅವರ ಕಿವಿಗೆ ಬೀಳುವಂತೆ ಲೆಕ್ಕ ಮೊದಲು, ಪ್ರಶ್ನೆ ಅನಂತರ.

ಹಣ ಹೊಂದಿಸಿದ ಮೇಲೂ ಮೊಮ್ಮಗಳ ಶುಲ್ಕಕ್ಕೆ ಹಣ ಕಡಿಮೆ ಬೀಳುವುದು ಸಾಧ್ಯ. ಆ ಕಷ್ಟ ಸುಳ್ಳಲ್ಲ. ಒಂದು ವರ್ಷ ಸಾಲ ಹೆಚ್ಚಾದೀತು, ಓದು ತಡವಾದೀತು. ಆದರೆ ಆ ಹುಡುಗಿಗೆ, ನಿನ್ನ ಓದಿಗಾಗಿ ಅಜ್ಜಿ ಮಲಗಿದರು ಎಂಬ ಋಣವನ್ನು ಆಯುಷ್ಯವಿಡೀ ಹೊರಿಸುವುದಕ್ಕೆ ಮುಂಚೆ ಅವಳನ್ನೂ ಒಂದು ಮಾತು ಕೇಳಬಹುದಿತ್ತು, ಯಾರೂ ಕೇಳುವುದಿಲ್ಲ.

ಶಸ್ತ್ರಚಿಕಿತ್ಸೆಯ ವೆಚ್ಚವೆಲ್ಲ ಯೋಜನೆಯಲ್ಲಿ ಕಳೆದುಹೋದರೂ ಕೆಲವು ಖರ್ಚುಗಳು ಯಾವ ಕಾರ್ಡಿಗೂ ಸೇರುವುದಿಲ್ಲ. ಹೋಗಿಬರುವ ಬಾಡಿಗೆ, ಜೊತೆಗಿದ್ದವರ ಊಟ, ಅಷ್ಟು ದಿನದ ಕೆಲಸ, ಮನೆಗೆ ಬಂದ ಮೇಲಿನ ಮಾತ್ರೆಗಳು. ಎಲ್ಲಕ್ಕಿಂತ ದುರ್ಲಭವಾದದ್ದು ರಾತ್ರಿ ವಾರ್ಡಿನಲ್ಲಿ ಎಚ್ಚರವಿರುವ ಒಂದು ಜೀವ. ಮಗ ತೋಟ ಬಿಟ್ಟು ಎಷ್ಟು ದಿನ ಇರಬಲ್ಲ? ಸೊಸೆಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಎಮ್ಮೆಯಿದೆ. ಶಿವಮೊಗ್ಗದಲ್ಲಿಯೇ ನೆಲೆಸಿರುವ ಶ್ರಾವಕ ಕುಟುಂಬಗಳು ಸರದಿಯ ಮೇಲೆ ಒಂದೊಂದು ರಾತ್ರಿ, ಹೊಸಬಾಳೆಯಿಂದ ಬಂದ ಒಬ್ಬ ಅಜ್ಜಿಯ ಮಂಚದ ಬಳಿ, ಒಂದು ಚೊಂಬು ಬಿಸಿನೀರು ಇಟ್ಟುಕೊಂಡು ಕೂತರೆ, ಯಾವ ಕಂತೂ ಕೊಂಡುಕೊಡಲಾರದ ಭಾಗ ಅಷ್ಟರ ಮಟ್ಟಿಗೆ ತುಂಬುತ್ತದೆ. ಬೆಳಗಿನ ಬಸ್ಸಿಗೆ ಮಗ ಬಂದು ಇಳಿಯುವವರೆಗೆ.